ಸಿಕ್ಕವರ ಲೆಕ್ಕ, ಸಿಗದವನ ಜಾಡು

ಶ್ರೋತೃಗಳೇ, ನಮಸ್ಕಾರ.

ಹುಬ್ಬಳ್ಳಿ-ಧಾರವಾಡದಲ್ಲಿ ಪತ್ರಿಕೆಯ ಸ್ಥಳೀಯ ಪುಟವನ್ನು ದಿನವೂ ಓದುವವರಿಗೆ ಒಂದು ಸುದ್ದಿ ರೂಢಿಯಾಗಿ ಹೋಗಿದೆ. ಗಾಂಜಾ ಮಾರುತ್ತಿದ್ದ ಇಷ್ಟು ಜನರ ಬಂಧನ, ಇಷ್ಟು ಕಿಲೋ ಮಾಲು ವಶ. ಮೇಜಿನ ಮೇಲೆ ಜೋಡಿಸಿಟ್ಟ ಪೊಟ್ಟಣಗಳು, ಅವುಗಳ ಹಿಂದೆ ಸಾಲಾಗಿ ನಿಂತ ಸಿಬ್ಬಂದಿಯ ಚಿತ್ರ. ಇಂಥ ಸುದ್ದಿ ವಾರಕ್ಕೆ ಎರಡು ಸಲ ಬಂದರೆ ಊರು ಕೆಟ್ಟಿತು ಎನ್ನುತ್ತೇವೆ. ತಿಂಗಳುಗಟ್ಟಲೆ ಬಾರದಿದ್ದರೆ ಊರು ಸುಧಾರಿಸಿತು ಎಂದುಕೊಳ್ಳುತ್ತೇವೆ. ಧಾರವಾಡ ಮತ್ತು ಹಾವೇರಿಯ ನ್ಯಾಯಾಲಯಗಳಲ್ಲಿ ಇಂಥ ಪ್ರಕರಣಗಳನ್ನು ಹಲವು ವರ್ಷಗಳಿಂದ ನಡೆಸುತ್ತಿರುವ ವಕೀಲನಾಗಿ, ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಬಂಧನದ ಸಂಖ್ಯೆ ನಮಗೆ ಮೊದಲು ತಿಳಿಸುವುದು, ಪೊಲೀಸರು ಯಾವಾಗ, ಎಲ್ಲಿ, ಯಾರನ್ನು ಹುಡುಕಿದರು ಎಂಬುದನ್ನು. ಊರಿನಲ್ಲಿ ವ್ಯಸನ ಎಷ್ಟಿದೆ, ಮಾಲು ಎಷ್ಟು ಬರುತ್ತಿದೆ ಎಂಬುದನ್ನು ಅದೇ ಸಂಖ್ಯೆಯಿಂದ ತಿಳಿಯಬೇಕಾದರೆ ಅದನ್ನು ಬಿಡಿಸಿ ನೋಡಬೇಕಾಗುತ್ತದೆ.

ಮೊದಲು ಕಾಯ್ದೆಯ ಮಾತು. ಮಾದಕ ವಸ್ತುಗಳನ್ನು ಕುರಿತ ನಮ್ಮ ಮುಖ್ಯ ಕಾನೂನು 1985ರದು. ವಕೀಲರ ಕೋಣೆಯಲ್ಲಿಯೂ ಠಾಣೆಯಲ್ಲಿಯೂ ಅದನ್ನು ಎನ್‌ಡಿಪಿಎಸ್ ಎಂದೇ ಕರೆಯುತ್ತೇವೆ. 2001ರ ತಿದ್ದುಪಡಿಯ ನಂತರ ಶಿಕ್ಷೆಯು ತೂಕವನ್ನು ಅನುಸರಿಸುತ್ತದೆ. ಗಾಂಜಾದಲ್ಲಿ 1 ಕಿಲೋವರೆಗೆ ಅಲ್ಪ ಪ್ರಮಾಣ. ಅದಕ್ಕೆ ಗರಿಷ್ಠ ಒಂದು ವರ್ಷ ಸಜೆ, ಅಥವಾ ದಂಡ, ಅಥವಾ ಎರಡೂ. ವಾಣಿಜ್ಯ ಪ್ರಮಾಣಕ್ಕೆ ಗಡಿ 20 ಕಿಲೋ. ಅಲ್ಲಿ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಜಾಮೀನು ಬಹಳ ಕಷ್ಟ. ಎಂಡಿಎಂಎ ಎಂಬ ರಾಸಾಯನಿಕಕ್ಕಾದರೆ ಅರ್ಧ ಗ್ರಾಂವರೆಗೆ ಅಲ್ಪ, 10 ಗ್ರಾಂ ಎಂದರೆ ವಾಣಿಜ್ಯದ ಗಡಿ. ಆದ್ದರಿಂದ ‘ಒಬ್ಬನ ಬಂಧನ’ ಎಂಬ ಎರಡು ಪದಗಳೊಳಗೆ 40 ಗ್ರಾಂ ಪುಡಿಕೆ ಜೇಬಿನಲ್ಲಿಟ್ಟುಕೊಂಡ ಹುಡುಗನೂ ಇರಬಹುದು, ಕ್ವಿಂಟಲ್‌ಗಟ್ಟಲೆ ಮಾಲು ಸಾಗಿಸಿದ ಲಾರಿಯ ಯಜಮಾನನೂ ಇರಬಹುದು. ಪಟ್ಟಿಯಲ್ಲಿ ಇಬ್ಬರೂ ತಲಾ ಒಂದು.

ಇನ್ನೊಂದು ಬಗೆಯ ಪ್ರಕರಣವಿದೆ, ಅದರಲ್ಲಿ ಮಾಲೇ ಇರುವುದಿಲ್ಲ. ಕಾಯ್ದೆಯ 27ನೇ ಕಲಮು ಸೇವನೆಯನ್ನೇ ಅಪರಾಧವೆನ್ನುತ್ತದೆ. ಅನುಮಾನ ಬಂದವನನ್ನು ಕರೆತಂದು, ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿಸಿ, ಫಲಿತಾಂಶ ಪಾಸಿಟಿವ್ ಬಂದರೆ ಪ್ರಕರಣ ದಾಖಲಾಗುತ್ತದೆ. 2024ರಲ್ಲಿ ಅವಳಿ ನಗರದ ಪೊಲೀಸರು ಹೀಗೆ ದೊಡ್ಡ ಸಂಖ್ಯೆಯಲ್ಲಿ ಶಂಕಿತರನ್ನು ಕರೆತಂದು ಪರೀಕ್ಷೆ ಮಾಡಿಸಿದ್ದು ಬಹಳ ಜನರಿಗೆ ನೆನಪಿರಬಹುದು. ಆ ಕ್ರಮದ ಹಿಂದಿನ ಕಾಳಜಿಯನ್ನು ನಾನು ಪ್ರಶ್ನಿಸುವುದಿಲ್ಲ; ಮಗ ಎಲ್ಲಿಗೆ ಹೋಗುತ್ತಿದ್ದಾನೆಂಬುದು ಎಷ್ಟೋ ತಂದೆತಾಯಿಗಳಿಗೆ ಇಂಥ ಸಂದರ್ಭದಲ್ಲಿಯೇ ತಿಳಿಯುತ್ತದೆ. ಆದರೆ ಇಂಥ ಒಂದು ಕಾರ್ಯಾಚರಣೆ ನಡೆದ ವಾರದಲ್ಲಿ ಸಂಖ್ಯೆ ಒಮ್ಮೆಲೇ ಏರಿದರೆ, ಆ ವಾರದಲ್ಲಿ ಸೇದುವವರು ಹೆಚ್ಚಾದರು ಎಂದು ಅರ್ಥವಲ್ಲ, ಪರೀಕ್ಷೆಗೆ ಒಳಗಾದವರು ಹೆಚ್ಚಾದರು ಎಂದು ಅರ್ಥ. ರೂಢಿಯಾಗಿ ಗಾಂಜಾ ಸೇದುವವನ ಮೂತ್ರದಲ್ಲಿ ಅದರ ಅಂಶ ವಾರಗಳ ಕಾಲ ಉಳಿಯಬಹುದು ಎಂಬುದನ್ನೂ ಮರೆಯಬಾರದು. ಯಾವಾಗ ಸೇದಿದ, ಎಲ್ಲಿ ಸೇದಿದ, ಯಾರಿಂದ ತಂದ ಎಂಬುದನ್ನು ಆ ಪರೀಕ್ಷೆ ಹೇಳಲಾರದು. ಹಾಗೆಯೇ ಪ್ರತಿವರ್ಷ ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಆಸುಪಾಸಿನಲ್ಲಿ ಜಾಥಾ, ಉಪನ್ಯಾಸ, ವಿಶೇಷ ತಪಾಸಣೆ ಎಲ್ಲವೂ ಒಟ್ಟಿಗೆ ನಡೆಯುವುದರಿಂದ, ಆ ದಿನಗಳ ಅಂಕಿಯನ್ನು ಉಳಿದ ತಿಂಗಳ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸುವಾಗ ಎಚ್ಚರ ಬೇಕು.

ಮಾಲಿನ ದಾರಿಯನ್ನು ನೋಡಿದರೆ ನಮ್ಮ ಭಾಗಕ್ಕೆ ಎರಡು ಮುಖ್ಯ ಮೂಲಗಳು ಕಾಣುತ್ತವೆ. ಒಂದು ದೂರದ್ದು. ಆಂಧ್ರ-ಒಡಿಶಾ ಗಡಿಯ ಗುಡ್ಡಗಾಡು ದೇಶದ ದೊಡ್ಡ ಗಾಂಜಾ ಸೀಮೆಗಳಲ್ಲಿ ಒಂದು. ಅಲ್ಲಿಂದ ಪಶ್ಚಿಮಕ್ಕೆ ಬರುವ ರೈಲುಗಳಿಗೆ ಗದಗ, ಹುಬ್ಬಳ್ಳಿ ದಾರಿಯಲ್ಲಿಯೇ ಸಿಗುತ್ತವೆ. 1,507 ಮೀಟರ್ ಉದ್ದದ ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಮೇಲೆ ಜನಜಂಗುಳಿಯ ನಡುವೆ ಒಂದು ಟ್ರಾಲಿ ಬ್ಯಾಗನ್ನು ಗುರುತಿಸುವುದು ಸುಲಭದ ಕೆಲಸವಲ್ಲ. ಅಂಥ ಕಡೆ ಸಿಕ್ಕ ಪ್ರತಿಯೊಂದು ಪ್ರಕರಣದ ಹಿಂದೆಯೂ ಸಾಮಾನ್ಯವಾಗಿ ಒಬ್ಬ ಮಾಹಿತಿದಾರನಿರುತ್ತಾನೆ.

ಇನ್ನೊಂದು ಹತ್ತಿರದ್ದು, ನಮ್ಮದೇ ಹೊಲಗಳದ್ದು. ಗೋವಿನಜೋಳ ಮತ್ತು ಹತ್ತಿ ಆಳೆತ್ತರಕ್ಕೆ ಬೆಳೆದ ಮೇಲೆ ನಡುವಿನ ಸಾಲಿನಲ್ಲಿ ಇಟ್ಟ ಗಾಂಜಾ ಗಿಡ ಹೊರಗಿನವರಿಗೆ ಕಾಣುವುದಿಲ್ಲ. ಹಗಲು ಕಿರಿದಾದಂತೆ ಆ ಗಿಡ ಹೂ ಬಿಡುತ್ತದೆ, ವಾಸನೆ ಹಬ್ಬುತ್ತದೆ, ಅಷ್ಟರಲ್ಲಿ ಪಕ್ಕದ ಬೆಳೆಯ ಕೊಯ್ಲೂ ಆರಂಭವಾಗುತ್ತದೆ. ಹೊಲದ ಪ್ರಕರಣಗಳು ನನ್ನ ಬಳಿಗೆ ಬರುವುದು ಹೆಚ್ಚಾಗಿ ಮುಂಗಾರು ಮುಗಿದ ಮೇಲೆ. ಇದು ಬೇಸಾಯದ ಪಂಚಾಂಗ, ಅಪರಾಧದ ಏರಿಳಿತವಲ್ಲ.

ಈ ಹೊಲದ ಪ್ರಕರಣಗಳಲ್ಲಿ ತೂಕದ ಪ್ರಶ್ನೆ ಬಹಳ ದೊಡ್ಡದು. ಹಾವೇರಿ ಜಿಲ್ಲೆಯ ಒಂದು ಪ್ರಕರಣದಲ್ಲಿ ಪಂಚನಾಮೆ ಓದುತ್ತಿದ್ದೆ. ಗಿಡಗಳನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ಹಗ್ಗದಿಂದ ಕಟ್ಟಿ, ಊರಿನ ಕಿರಾಣಿ ಅಂಗಡಿಯಿಂದ ತರಿಸಿದ ತಕ್ಕಡಿಯಲ್ಲಿ ತೂಗಿದ್ದರು. ಹಸಿ ಕಾಂಡ, ಟೊಂಗೆ, ಎಲೆ, ಬೇರು ಎಲ್ಲವೂ ಸೇರಿ ತೂಕ 20 ಕಿಲೋ ಗಡಿಯನ್ನು ದಾಟಿತ್ತು. ಮುಂದೆ ಸಾಕ್ಷ್ಯದ ದಿನ ನ್ಯಾಯಾಲಯದಲ್ಲಿ ಮುದ್ದೆಮಾಲು ತೆರೆದಾಗ, ಅರಗಿನ ಮುದ್ರೆಯ ಆ ಚೀಲದಲ್ಲಿ ಇದ್ದದ್ದು ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಗಳು ಮತ್ತು ಹಿಡಿದರೆ ಪುಡಿಯಾಗುವ ಎಲೆ. ಒಬ್ಬ ಸಿಬ್ಬಂದಿ ಅದನ್ನು ಒಂದೇ ಕೈಯಿಂದ ಎತ್ತಿ ಮೇಜಿನ ಮೇಲಿಟ್ಟರು. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿಯಿಲ್ಲದೆ ಬರೀ ಎಲೆ ಅಥವಾ ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹೀಗಾಗಿ ಪತ್ರಿಕೆಯಲ್ಲಿ ಬಂದ ಕಿಲೋ ಒಂದು, ನ್ಯಾಯಾಲಯದಲ್ಲಿ ನಿಲ್ಲುವ ಕಿಲೋ ಇನ್ನೊಂದು ಆಗುವುದುಂಟು. ಗಿಡ ಬೆಳೆಸುವುದು ಯಾವ ತೂಕಕ್ಕೂ ಅಪರಾಧವೇ, ಅದರಲ್ಲಿ ಸಂಶಯವಿಲ್ಲ. ಆದರೆ ಎರಡು ವರ್ಷಗಳ ‘ವಶಪಡಿಸಿಕೊಂಡ ಒಟ್ಟು ಗಾಂಜಾ’ವನ್ನು ಹೋಲಿಸುವಾಗ ಒಂದು ವರ್ಷ ಹಸಿ ಗಿಡ, ಮತ್ತೊಂದು ವರ್ಷ ಒಣ ಪೊಟ್ಟಣ ಹೆಚ್ಚಾಗಿದ್ದರೆ, ಆ ಹೋಲಿಕೆಯಿಂದ ಏನೂ ತಿಳಿಯುವುದಿಲ್ಲ.

ಲೆಕ್ಕದಿಂದ ಪೂರ್ತಿ ಹೊರಗುಳಿಯುವ ಮಾದಕಗಳೂ ಇವೆ. ನೋವಿನ ಮಾತ್ರೆಯಾದ ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂತು. ಅದರ ಜಾಗಕ್ಕೆ ದುರ್ಬಳಕೆಯವರು ಹಿಡಿದುಕೊಂಡ ಟ್ಯಾಪೆಂಟಡಾಲ್ ಆಗ ಅದರೊಳಗೆ ಸೇರಲಿಲ್ಲ. ಔಷಧ ಚೀಟಿಯಿಲ್ಲದೆ ಅದನ್ನು ಮಾರಿದವನ ಮೇಲೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ಕ್ರಮ ಜರುಗಿದರೆ, ಅದು ಮಾದಕ ಬಂಧನಗಳ ಪಟ್ಟಿಗೆ ಬರುವುದೇ ಇಲ್ಲ. ಗಾಂಜಾದ ಅಂಕಿ ಇಳಿಯಿತು ಎಂದು ಸಮಾಧಾನಪಡುವ ಮೊದಲು ಔಷಧ ಅಂಗಡಿಯ ಕಡೆಗೂ ಒಮ್ಮೆ ನೋಡಬೇಕು.

ಸಿಬ್ಬಂದಿಯ ವಿಷಯವನ್ನೂ ಹೇಳಲೇಬೇಕು. ನಮ್ಮಲ್ಲಿ ಸಿಇಎನ್ ಎಂಬ ಠಾಣೆಗಳನ್ನು ಸೈಬರ್ ವಂಚನೆ, ಆರ್ಥಿಕ ಅಪರಾಧ, ಮಾದಕ ವಸ್ತು ಈ ಮೂರೂ ಹೊಣೆ ಕೊಟ್ಟು ತೆರೆಯಲಾಗಿತ್ತು. ಮೊಬೈಲಿನಲ್ಲಿ ಹಣ ಕಳೆದುಕೊಂಡವರು ಬೆಳಗಿನಿಂದ ಸಾಲು ನಿಂತಿರುವಾಗ ಗಾಂಜಾದ ಜಾಡು ಹಿಡಿದು ಹತ್ತು ದಿನ ಪರರಾಜ್ಯಕ್ಕೆ ಹೋಗಿ ಬರುವುದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಬೀದಿಯ ಮೂಲೆಯಲ್ಲಿ ಸೇದುವವನು ಅರ್ಧ ಗಂಟೆಯಲ್ಲಿ ಸಿಗುತ್ತಾನೆ. ಎಣಿಕೆಯೇ ಅಳತೆಗೋಲಾದರೆ ಸಿಬ್ಬಂದಿಯ ಶ್ರಮವು ತಾನಾಗಿಯೇ ಸುಲಭವಾಗಿ ಸಿಗುವವನ ಕಡೆಗೆ ವಾಲುತ್ತದೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ತನ್ನ ವಾರ್ಷಿಕ ವರದಿಯಲ್ಲಿ ಸ್ವಂತ ಸೇವನೆಗೆ ಇಟ್ಟುಕೊಂಡ ಪ್ರಕರಣ ಮತ್ತು ಸಾಗಾಟದ ಪ್ರಕರಣಗಳನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಜಿಲ್ಲಾ ಮಟ್ಟದ ಪತ್ರಿಕಾ ಪ್ರಕಟಣೆಗಳಲ್ಲಿಯೂ ಈ ವಿಂಗಡಣೆ ಬಂದರೆ ಎಷ್ಟೋ ವಿಷಯ ಸ್ಪಷ್ಟವಾಗುತ್ತದೆ. ಅದರ ಜೊತೆಗೆ, ಹಿಂದಿನ ವರ್ಷ ಹಿಡಿದವರಲ್ಲಿ ಎಷ್ಟು ಜನರಿಗೆ ಶಿಕ್ಷೆಯಾಯಿತು, ಎಷ್ಟು ಜನ ಖುಲಾಸೆಯಾದರು ಎಂಬುದನ್ನೂ ಹೇಳಬೇಕು. ಮೈ ತಪಾಸಣೆಗೆ ಮುನ್ನ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರು ತಪಾಸಣೆ ಕೇಳುವ ಹಕ್ಕಿದೆ ಎಂದು ತಿಳಿಸದಿದ್ದರೆ, ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ಮಾದರಿ ತೆಗೆಯದಿದ್ದರೆ, ನಿಜವಾದ ದಂಧೆಕೋರನೂ ಹೊರಗೆ ಬರಬಹುದು. ಬಂಧನ ಪತ್ರಿಕೆಯಲ್ಲಿ ಬರುತ್ತದೆ, ಖುಲಾಸೆ ಬರುವುದಿಲ್ಲ.

ಹುಬ್ಬಳ್ಳಿಯ ಒಬ್ಬ ತಾಯಿ ನನ್ನ ಕಚೇರಿಗೆ ಬಂದಿದ್ದರು. ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ ಮಗ ಸಣ್ಣ ಪುಡಿಕೆಯೊಂದಿಗೆ ಸಿಕ್ಕಿಬಿದ್ದಿದ್ದ. ಅವರು ಮಗನನ್ನು ವಹಿಸಿಕೊಂಡು ಮಾತನಾಡಲಿಲ್ಲ. ‘ವಕೀಲ್ರ, ಇಂವ ಸೇದಿದ್ದು ಖರೆ ಐತ್ರಿ, ನಾ ಇಲ್ಲ ಅನ್ನಂಗಿಲ್ಲ. ಇವಗ ತಂದು ಕೊಟ್ಟಾಂವ ಎಲ್ಲಿ ಅದಾನ್ರಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಕಾಯ್ದೆಯ 64ಎ ಕಲಮಿನ ಬಗ್ಗೆ ಮಾತ್ರ ಅವರಿಗೆ ಹೇಳಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಅವನನ್ನು ವಿಚಾರಣೆಯಿಂದ ಮುಕ್ತಗೊಳಿಸಲು ಆ ಕಲಮಿನಲ್ಲಿ ಅವಕಾಶವಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇದನ್ನು ಬಳಸುವವರು ನಮ್ಮ ನ್ಯಾಯಾಲಯಗಳಲ್ಲಿ ತೀರ ಕಡಿಮೆ ಎಂಬ ಸಂಕಟ ನನಗಿದೆ. ಧಾರವಾಡದಲ್ಲಿಯೇ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಸಲಹೆ ಬೇಕಾದವರಿಗೆ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ.

ಆ ಹುಡುಗ ಚಿಕಿತ್ಸೆಗೆ ಸೇರಿ, ತಿಂಗಳುಗಳ ಕಾಲ ತಪ್ಪದೆ ಹೋಗಿ ಬಂದ. ವೈದ್ಯರ ಪ್ರಮಾಣಪತ್ರವನ್ನು ಸಲ್ಲಿಸಿದ ದಿನ, ತಾಯಿ ನ್ಯಾಯಾಲಯದ ಪಡಸಾಲೆಯಲ್ಲಿ ಮತ್ತೆ ಅದೇ ಪ್ರಶ್ನೆಯನ್ನು ಕೇಳಿದರು. ನಾನು ಕಡತವನ್ನು ತಿರುವಿ ನೋಡಿದೆ. ಮೊದಲನೆಯ ಆರೋಪಿಯ ಹೆಸರು, ವಯಸ್ಸು, ತಂದೆಯ ಹೆಸರು, ಓಣಿ, ಮನೆ ನಂಬರು ಎಲ್ಲವೂ ಅದರಲ್ಲಿದ್ದವು. ಎರಡನೆಯ ಆರೋಪಿಯದು ಅರ್ಧ ಹೆಸರು ಮಾತ್ರ. ಅದರ ಮುಂದೆ ‘ತಲೆಮರೆಸಿಕೊಂಡಿದ್ದಾನೆ’ ಎಂದು ಬರೆದಿತ್ತು.

ನಮಸ್ಕಾರ.