ಮೊದಲು ಟೇಪು, ಆಮೇಲೆ ಮೌಸು

ಕೇಳುಗರಿಗೆಲ್ಲ ನಮಸ್ಕಾರ.

ಕಂಪ್ಯೂಟರಿನಲ್ಲಿ ಮನೆಯ ಮಾದರಿ ಕಟ್ಟೋದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದಾರೆ. ಡಿಪ್ಲೊಮಾ ಓದುವ ಮಕ್ಕಳು, ಮನೆ ಕಟ್ಟಿಸಬೇಕು ಅಂತಿರುವವರು, ಒಂದಿಬ್ಬರು ಗೌಂಡಿಗಳೂ ಕೇಳುತ್ತಿರಬಹುದು. ನಿಮಗೆಲ್ಲ ನನ್ನದು ಒಂದೇ ಮಾತು. ಕಂಪ್ಯೂಟರ್ ಈಗಲೇ ಆನ್ ಮಾಡಬೇಡಿ. ಮೊದಲು ಟೇಪು ಹಿಡಿಯಿರಿ.

ಕ್ಲಾಸಿಗೆ ಬಂದ ಮೊದಲ ದಿನವೇ ಎಲ್ಲರೂ ಕೇಳುತ್ತಾರೆ, "ಸರ್, ಯಾವ ಸಾಫ್ಟ್‌ವೇರ್ ಚಲೋ?" ಸ್ಕೆಚ್‌ಅಪ್ ಆದರೂ ಸರಿ, ಬ್ಲೆಂಡರ್ ಆದರೂ ಸರಿ. ಬ್ಲೆಂಡರಿಗೆ ದುಡ್ಡೇ ಕೊಡಬೇಕಿಲ್ಲ. ಸ್ಕೆಚ್‌ಅಪ್‌ನಲ್ಲೂ ಬ್ರೌಸರಿನಲ್ಲಿ ನಡೆಯುವ, ದುಡ್ಡಿಲ್ಲದ ಒಂದು ನಮೂನೆ ಇದೆ. ಮುಗೀತು. ಟೇಪಿಗೆ ಬರೋಣ.

ಗದಗಿನ ಕಡೆಯ ಹುಡುಗನೊಬ್ಬ ತನ್ನ ಅಜ್ಜಿಯ ಮನೆಯ ಮಾದರಿ ಮಾಡಿದ. ಹಳೇ ಮಣ್ಣಿನ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ. ಒಳಗೆ ಅಳೆದರೆ ಪಡಸಾಲೆ 9 ಅಡಿ, ಅಡುಗೆಮನೆ 12 ಅಡಿ. ಒಟ್ಟು 21. ಗೋಡೆಯನ್ನು ಮಾತ್ರ ಅಳೆಯಲೇ ಇಲ್ಲ. ಇಟ್ಟಿಗೆ ಗೋಡೆ 9 ಇಂಚು ಅಂತ ಕಲಿತಿದ್ದ, ಅದನ್ನೇ ಹಾಕಿದ. ಮೂರು ಗೋಡೆ ಸೇರಿಸಿದರೂ 23 ಅಡಿ 3 ಇಂಚು. ಹೊರಗಿಂದ ಅಳೆದರೆ 27! ಉಳಿದದ್ದು ಎಲ್ಲಿ ಹೋಯ್ತು? ಈ ಮಹಾಶಯ ಏನು ಮಾಡಿದ ಗೊತ್ತಾ? ಸದ್ದಿಲ್ಲದೆ ಅಡುಗೆಮನೆಯನ್ನು 3 ಅಡಿ 9 ಇಂಚು ಎಳೆದುಬಿಟ್ಟ. ಮೌಸಿನಲ್ಲಿ ಎಳೆದರೆ ಎಳೆದಷ್ಟು ಬರುತ್ತೆ, ಅದೇ ಅದರ ರೋಗ.

ಲ್ಯಾಪ್‌ಟಾಪ್ ಒಯ್ದು ಅಜ್ಜಿಗೆ ತೋರಿಸಿದ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿ, "ಇದ್ಯಾರ ಮನಿಯೋ? ನನ್ನ ಅಡಗಿಮನಿ ಇಷ್ಟ ದೊಡ್ಡದಿದ್ರ ನಿಮ್ಮಜ್ಜನ ಜೋಡಿ ಯಾಕ ಜಗಳಾ ಮಾಡ್ತಿದ್ನಿ?" ಅಂದರಂತೆ. ಆಮೇಲೆ ಕಿಟಕಿಗೆ ಬೆರಳಿಟ್ಟು, "ಇಲ್ಲಿ ಉಪ್ಪಿನಕಾಯಿ ಭರಣಿ ಹೆಂಗ ಕುಂದ್ರತೈತಿ?" ಅಂದರು. ಹುಡುಗ ಎದ್ದು ಹೋಗಿ ಕಿಟಕಿಯ ಕಟ್ಟೆಗೆ ಟೇಪು ಹಿಡಿದ. ಪೂರಾ 2 ಅಡಿ! ಮೂರು ಗೋಡೆಗೆ 6. ಅದಕ್ಕೆ 21 ಸೇರಿಸಿ ನೋಡಿ.

ಹಳೇ ಮನೆಯಾಗಲಿ, ಹೊಸದಾಗಲಿ, ಗೋಡೆಯ ದಪ್ಪ ನೋಡಬೇಕಾದದ್ದು ಕಿಟಕಿ, ಬಾಗಿಲಲ್ಲಿ. ಪುಸ್ತಕದಲ್ಲಿ ಅಲ್ಲ.

ಅಯ್ಯೋ, ಟೈಮ್ ಆಗ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ಕೋಣೆಯ ಮೂಲೆಯಿಂದ ಮೂಲೆಗೂ ಅಳೆಯಿರಿ. 9ಕ್ಕೆ 12ರ ಕೋಣೆಯಲ್ಲಿ ಎರಡು ಕಡೆಯಿಂದಲೂ 15 ಬರಬೇಕು. ಬರದಿದ್ದರೆ ಕೋಣೆ ಸೊಟ್ಟ, ಸೊಟ್ಟಗೇ ಬರೆಯಿರಿ. ಸ್ಕೆಚ್‌ಅಪ್‌ನಲ್ಲಿ ಒಂದೊಂದು ಭಾಗವನ್ನೂ ಗ್ರೂಪ್ ಮಾಡಿ, ಅಂದರೆ ಬೇರೆ ಬೇರೆ ಗಂಟು ಕಟ್ಟಿಡಿ, ಇಲ್ಲದಿದ್ದರೆ ಬಾಗಿಲು ಸರಿಸಲು ಹೋದರೆ ಗೋಡೆಯೂ ಜೊತೆಗೆ ಬರುತ್ತೆ. ಬ್ಲೆಂಡರ್ ತೆರೆದಾಗ ಅಳತೆ ಮೀಟರಿನಲ್ಲಿರುತ್ತೆ. 10 ಅಡಿ ಅಂದುಕೊಂಡು ಸುಮ್ನೆ 10 ಅಂತ ಒತ್ತಿದರೆ ಸುಮಾರು 33 ಅಡಿಯ ಗೋಡೆ ಎದ್ದು ನಿಲ್ಲುತ್ತೆ, ಅದರ ಮೇಲೆ ಹತ್ತಿದರೆ ಉಣಕಲ್ ಕೆರೆ ಕಂಡರೂ ಕಂಡೀತು! ಛಾವಣಿ, ಬಣ್ಣ, ಬೆಳಕು ಎಲ್ಲ ಆಮೇಲೆ.

ಗಾಜಿನಾಚೆಯಿಂದ ಕೈ ತೋರಿಸ್ತಿದ್ದಾರೆ. ಒಂದೇ ನಿಮಿಷ ಸರ್. ಮನೆಯಲ್ಲಿ ಬಟ್ಟೆಯ ಟೇಪು ಇದ್ದು ಅದರ ತುದಿ ಹರಿದಿದ್ದರೆ, 1 ಅಡಿಯ ಗುರುತಿನಿಂದ ಹಿಡಿದು ಅಳೆಯಿರಿ. ಬರೆದುಕೊಳ್ಳುವಾಗ ಆ ಒಂದಡಿ ಕಳೆಯೋದು ಮರೀಬೇಡಿ. ನಮಸ್ಕಾರ.