ವಿಯೆಟ್ನಾಮಿನವರು ರೊಬಸ್ಟಾ ಕುಡಿಯುವ ಬಗೆ

ಎಲ್ಲರಿಗೂ ನಮಸ್ಕಾರ.

ಮೊದಲು ಕೆಲಸ, ಆಮೇಲೆ ಮಾತು. ಈ ಮೇಜಿನ ಮೇಲೆ ಎರಡು ಗಾಜಿನ ಲೋಟಗಳಿವೆ. ಎರಡರ ತಳದಲ್ಲೂ ಎರಡೆರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್ ಇದೆ. ಅವುಗಳ ಮೇಲೆ ಟೋಪಿಯ ಹಾಗೆ ಕುಳಿತಿರುವ ಲೋಹದ ಪಾತ್ರೆಗೆ ಫಿನ್ ಎಂದು ಹೆಸರು. ಎಡಗಡೆಯ ಫಿನ್‌ನಲ್ಲಿ ನಾವು ದಿನವೂ ಬಳಸುವ ನುಣ್ಣನೆಯ ಫಿಲ್ಟರ್ ಪುಡಿ, ಚಿಕೋರಿ ಸೇರಿದ್ದು. ಬಲಗಡೆಯದರಲ್ಲಿ ಅದೇ ಅಂಗಡಿಯಲ್ಲಿ ತರಿತರಿಯಾಗಿ ಬೀಸಿಸಿಕೊಂಡು ಬಂದ ಬರೀ ರೊಬಸ್ಟಾ, ಕಹಿ ಹೆಚ್ಚಿರುವ ಕಾಫಿ ಜಾತಿ. ಎರಡಕ್ಕೂ ಈಗ ಬಿಸಿನೀರು ಹಾಕಿ ಮುಚ್ಚಳ ಮುಚ್ಚುತ್ತಿದ್ದೇನೆ. ನಾನು ಮಾತನಾಡುವಾಗ ನಿಮ್ಮ ಕಣ್ಣು ಈ ಲೋಟಗಳ ಮೇಲಿರಲಿ.

ವಿಯೆಟ್ನಾಮ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಯುದ್ಧದ ಸುದ್ದಿಯಾಗಿ ಅಲ್ಲ, ಕಾಫಿ ಬೆಲೆಯ ಸುದ್ದಿಯಾಗಿ. 2001ರ ಸುಮಾರಿಗೆ ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ರೊಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಬಿಡಿಸದ ಕಾಫಿ ಹಣ್ಣು, ಕಣದಲ್ಲಿ ಒಣಗಿ ಚೀಲ ಸೇರಿತ್ತು. ಆ ವರ್ಷದ ಬೆಲೆಯಲ್ಲಿ ಕುಯ್ಲಿನ ಕೂಲಿಯೂ ಹುಟ್ಟಲಿಲ್ಲ. ‘ವಿಯೆಟ್ನಾಮಿನವರು ಬೆಳೆದು ಸುರಿದರು, ನಾವು ಮುಳುಗಿದೆವು’ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಹಾಗಾಗಿ ಹದಿನೆಂಟು ವರ್ಷಗಳ ನಂತರ ನಾನು ಆ ದೇಶಕ್ಕೆ ಹೋದಾಗ ಮನಸ್ಸಿನಲ್ಲಿ ಸ್ವಲ್ಪ ಕಹಿ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಹೋದದ್ದು ಬುವಾನ್ ಮಾ ಥುವಾತ್ ಎಂಬ ಊರಿಗೆ. ಮಧ್ಯ ಎತ್ತರಪ್ರದೇಶದ ದಾಕ್ ಲಾಕ್ ಪ್ರಾಂತ್ಯದ ಮುಖ್ಯ ಪಟ್ಟಣ ಅದು. ಅಲ್ಲಿನ ಮೂಲನಿವಾಸಿಗಳಾದ ಏಡೇ ಜನರ ಭಾಷೆಯಲ್ಲಿ ಆ ಹೆಸರಿಗೆ ‘ಥುವಾತನ ಅಪ್ಪನ ಊರು’ ಎಂದು ಅರ್ಥ. ಮಣ್ಣು ಕೆಂಪೆಂದರೆ ಕೆಂಪು, ಹಳೆಯ ಜ್ವಾಲಾಮುಖಿಯ ಬಸಾಲ್ಟ್ ಕರಗಿ ಆದ ಮಣ್ಣು. ಬೆಳಿಗ್ಗೆ ಆರಕ್ಕೆ ಒಂದು ಬೀದಿಬದಿಯ ಅಂಗಡಿಯಲ್ಲಿ ಕುಳಿತೆ. ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲುಗಳು, ಎಲ್ಲವೂ ರಸ್ತೆಯ ಕಡೆ ಮುಖ ಮಾಡಿಕೊಂಡಿದ್ದವು. ಅಂಗಡಿಯಾಕೆ ಏನೂ ಕೇಳದೆ ಮೊದಲು ಒಂದು ಲೋಟ ತಣ್ಣನೆಯ ತಿಳಿ ಚಹಾ ತಂದಿಟ್ಟರು. ಅದಕ್ಕೆ ಲೆಕ್ಕವಿಲ್ಲ. ಕಾಫಿ ಇಳಿಯುವ ತನಕ ಬಾಯಾರಿಕೆಗೆ ಅದು, ಕುಡಿದಾದ ಮೇಲೆ ಬಾಯಿ ತೊಳೆಯುವುದಕ್ಕೂ ಅದೇ. ಆಮೇಲೆ ಫಿನ್ ಬಂತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಮ್ಮ ಫಿನ್‌ನ ಮುಚ್ಚಳವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ಮತ್ತೆ ಮುಚ್ಚಿ, ಪತ್ರಿಕೆಯ ಪುಟ ತಿರುಗಿಸಿದರು. ಐದಾರು ನಿಮಿಷ ಹೀಗೇ ಹೋಯಿತು. ಯಾರಿಗೂ ಅವಸರವಿರಲಿಲ್ಲ. ನಮ್ಮಲ್ಲಿ ಡಿಕಾಕ್ಷನ್ ಇಳಿಯುವುದು ಅಡುಗೆಮನೆಯ ಒಳಗೆ, ಯಾರೂ ನೋಡದ ಹೊತ್ತಿನಲ್ಲಿ. ಅಲ್ಲಿ ಅದು ಕುಡಿಯುವವನ ಕಣ್ಣೆದುರಿಗೇ ಇಳಿಯುತ್ತದೆ. ಕಾಯುವುದೂ ಕಾಫಿಯ ಒಂದು ಭಾಗ. ನನಗೆ ಆ ದೇಶದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಮೊದಲ ಗುಟುಕಿನಲ್ಲಿ ತಿಳಿದದ್ದು ಇನ್ನೊಂದು ಸಂಗತಿ: ಅದು ರೊಬಸ್ಟಾ. ಅಪ್ಪಟ ರೊಬಸ್ಟಾ. ನಮ್ಮ ಕಣದಲ್ಲಿ ಒಣಗುತ್ತಿದ್ದ ಅದೇ ಜಾತಿ.

ವಿಯೆಟ್ನಾಮಿಗೆ ಕಾಫಿ ಗಿಡ ತಂದವರು ಫ್ರೆಂಚ್ ಪಾದ್ರಿಗಳು, 1857ರಲ್ಲಿ ಎನ್ನುತ್ತಾರೆ. ‘ಕಾ ಫೆ’ ಎಂಬ ಮಾತೂ ಫ್ರೆಂಚರದ್ದೇ. ಆದರೆ ಇವತ್ತಿನ ಕಾಫಿ ವಿಯೆಟ್ನಾಮ್ ಫ್ರೆಂಚರ ಕಾಲದ್ದಲ್ಲ. ಅದರ ನಡುವೆ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಕತೆಯಿದೆ. 1975ರಲ್ಲಿ ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಬೆಲೆ ಮುಗಿಲಿಗೇರಿತು. ಪೂರ್ವ ಜರ್ಮನಿಯ ಬಳಿ ಕೊಳ್ಳಲು ಡಾಲರ್ ಇರಲಿಲ್ಲ. 1977ರಲ್ಲಿ ಅಲ್ಲಿನ ಸರಕಾರ ಅರ್ಧದಷ್ಟು ಮಾತ್ರ ಕಾಫಿಯಿದ್ದ ಕಲಬೆರಕೆ ಪುಡಿಯನ್ನು ಅಂಗಡಿಗಿಟ್ಟಿತು, ಜನ ಸಿಟ್ಟಿಗೆದ್ದರು. ಕಡೆಗೆ 1980ರಲ್ಲಿ ವಿಯೆಟ್ನಾಮಿನೊಡನೆ ಒಪ್ಪಂದವಾಯಿತು. ದಾಕ್ ಲಾಕ್‌ನಲ್ಲಿ ತೋಟ ಎಬ್ಬಿಸಲು ಜರ್ಮನಿಯಿಂದ ಯಂತ್ರ, ಲಾರಿ, ನೀರಾವರಿಯ ಸಾಮಾನು. ಬದಲಿಗೆ ಇಪ್ಪತ್ತು ವರ್ಷ ಬೆಳೆಯಲ್ಲಿ ಅರ್ಧ ಪಾಲು. ಗಿಡಗಳು ಚೆನ್ನಾಗಿ ಫಸಲಿಗೆ ಬರುವ ಹೊತ್ತಿಗೆ, 1990ರಲ್ಲಿ, ಪೂರ್ವ ಜರ್ಮನಿ ಎಂಬ ದೇಶವೇ ಉಳಿದಿರಲಿಲ್ಲ. ತೋಟಗಳು ಉಳಿದವು.

ಅಷ್ಟರಲ್ಲಿ, 1986ರಲ್ಲಿ, ‘ದೋಯ್ ಮೋಯ್’ ಎಂಬ ಆರ್ಥಿಕ ಸುಧಾರಣೆ ಬಂದು ರೈತರು ಸ್ವಂತಕ್ಕೆ ಬೆಳೆದು ಮಾರುವಂತಾಗಿತ್ತು. ಬಯಲುಸೀಮೆಯ ಜನ ಬೆಟ್ಟ ಹತ್ತಿದರು. ಇಪ್ಪತ್ತು ವರ್ಷ ತುಂಬುವ ಮೊದಲೇ ವಿಯೆಟ್ನಾಮ್ ಕೊಲಂಬಿಯಾವನ್ನು ಹಿಂದಿಕ್ಕಿ, ಬ್ರೆಜಿಲಿನ ನಂತರದ ಎರಡನೆಯ ಸ್ಥಾನಕ್ಕೆ ಬಂತು. ಬೆಳೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೊಬಸ್ಟಾ. ನಮ್ಮ ಹಾಗೆ ಮರದ ನೆರಳಿಲ್ಲ, ಬಿಸಿಲಿಗೇ ಬಿಟ್ಟ ಗಿಡಗಳು. ಹೂಮಳೆಗೆ ಆಕಾಶ ನೋಡುವುದಿಲ್ಲ, ಬೇಸಿಗೆಯಲ್ಲಿ ಬಾವಿಯ ನೀರು ಹಾಯಿಸಿ ಹೂ ಬಿಡಿಸುತ್ತಾರೆ. ಇದಕ್ಕೆ ಕಾಡು ಬೆಲೆ ತೆತ್ತಿದೆ, ಅಂತರ್ಜಲವೂ ತೆತ್ತಿದೆ. ಏಡೇ ಜನರ ನೆಲವೂ ಅದರಲ್ಲಿ ಹೋಯಿತು. ಅಲ್ಲಿನ ಕಾಫಿಯನ್ನು ಮೆಚ್ಚಿಕೊಂಡು ಮಾತನಾಡುವ ನಾನು ಇದನ್ನು ಹೇಳದೆ ಬಿಡಬಾರದು. 2024ರಲ್ಲಿ ಅಲ್ಲಿ ಬರ ಬಿದ್ದಾಗ ಜಗತ್ತಿನಲ್ಲಿ ರೊಬಸ್ಟಾ ಬೆಲೆ ದಾಖಲೆಗೇರಿತು, ಕೊಡಗು ಹಾಸನದ ಬೆಳೆಗಾರರ ಕೈಗೂ ಹಣ ಬಂತು. 2001ರಲ್ಲಿ ಅವರ ಫಸಲು ನಮಗೆ ನಷ್ಟವಾಗಿತ್ತು, 2024ರಲ್ಲಿ ಅವರ ಬರ ನಮಗೆ ಲಾಭವಾಯಿತು.

ಈಗ ಲೋಟ ನೋಡಿ. ಬಲಗಡೆಯದು ಇಳಿದು ನಿಂತಿದೆ. ಹಾಲಿನ ಮೇಲೆ ಕಪ್ಪು ಪದರ, ಎರಡರ ನಡುವೆ ಗೆರೆ ಎಳೆದ ಹಾಗಿದೆ. ಎಡಗಡೆಯದರಲ್ಲಿ ಬೆರಳಗಲದಷ್ಟೂ ಬಂದಿಲ್ಲ. ನುಣ್ಣನೆಯ ಪುಡಿ ಕೆಸರಿನಂತೆ ಕಟ್ಟಿಕೊಂಡು ತೂತುಗಳನ್ನು ಮುಚ್ಚಿದೆ, ಚಿಕೋರಿ ನೀರು ಕುಡಿದು ಉಬ್ಬಿ ಅದನ್ನು ಇನ್ನಷ್ಟು ಬಿಗಿ ಮಾಡಿದೆ. ಫಿನ್ ತಂದ ಹೊಸದರಲ್ಲಿ ಹೆಚ್ಚಿನವರು ‘ಇದು ಕೆಲಸ ಮಾಡುವುದಿಲ್ಲ’ ಎಂದು ಅಟ್ಟಕ್ಕೆ ಹಾಕುವುದು ಈ ಒಂದು ಕಾರಣಕ್ಕೆ.

ರೊಬಸ್ಟಾದಲ್ಲಿ ಕೆಫೀನ್ ನೂರಕ್ಕೆ ಎರಡರಿಂದ ಎರಡೂವರೆಯಷ್ಟು, ಕಾಫಿಯ ಇನ್ನೊಂದು ಮುಖ್ಯ ಜಾತಿಯಾದ ಅರೇಬಿಕಾದ ಹತ್ತಿರ ಹತ್ತಿರ ಎರಡು ಪಟ್ಟು. ಸಕ್ಕರೆ ಕಡಿಮೆ, ಎಣ್ಣೆ ಕಡಿಮೆ, ಹುಳಿ ಕಡಿಮೆ. ಕಹಿ ಜಾಸ್ತಿ, ಮೈ ದಪ್ಪ. ಜಗತ್ತಿನ ಕಾಫಿ ಪಂಡಿತರು ಇದನ್ನೆಲ್ಲ ದೋಷಗಳ ಪಟ್ಟಿ ಎಂದು ಓದಿದರು. ವಿಯೆಟ್ನಾಮಿನವರು ಅದನ್ನೇ ಅಡುಗೆಯವರ ಕಣ್ಣಿನಲ್ಲಿ ನೋಡಿದರು. ಕಹಿಯಿದ್ದರೆ ಅದಕ್ಕೆ ಸರಿಸಮನಾದ ಸಿಹಿ ಬೇಕು. ಮೈ ದಪ್ಪವಿದ್ದರೆ ಐಸ್ ಹಾಕಿದರೂ ನೀರಾಗುವುದಿಲ್ಲ. ಕಡುವಾಗಿ ಹುರಿದು, ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸಿ ಬೀಜಕ್ಕೆ ಹೊಳಪು ತಂದರು. ಕೊರತೆಯ ವರ್ಷಗಳಲ್ಲಿ ಜೋಳ, ಸೋಯಾವನ್ನೂ ಹುರಿದು ಬೆರೆಸಿದ್ದುಂಟು. ನಮ್ಮ ಚಿಕೋರಿಯೂ ಹೀಗೆಯೇ ಒಗ್ಗಿಹೋದದ್ದು. ನನಗಂತೂ ಏನೂ ಬೆರೆಸದ ಬೀಜವೇ ಇಷ್ಟ.

ಕಂಡೆನ್ಸ್ಡ್ ಮಿಲ್ಕ್ ಬಂದದ್ದು ಅನಿವಾರ್ಯದಿಂದ. ಆ ಸೆಕೆಯಲ್ಲಿ ಹಸಿ ಹಾಲು ನಿಲ್ಲುತ್ತಿರಲಿಲ್ಲ, ಹಾಲಿಗಾಗಿ ಹಸು ಸಾಕುವ ರೂಢಿಯೂ ಅಲ್ಲಿ ಹಿಂದೆ ಇರಲಿಲ್ಲ. ಫ್ರೆಂಚರು ಡಬ್ಬದ ಹಾಲು ತರಿಸಿಕೊಂಡರು, ಅದೇ ನಿಂತಿತು. ದಕ್ಷಿಣದಲ್ಲಿ ಇದನ್ನು ‘ಕಾ ಫೆ ಸೂವ ದಾ’ ಎನ್ನುತ್ತಾರೆ. ಸೂವ ಎಂದರೆ ಹಾಲು. ದಾ ಎಂದರೆ ಕಲ್ಲು. ನಾವು ಆಲಿಕಲ್ಲು ಎನ್ನುತ್ತೇವಲ್ಲ, ಹಾಗೆ ಅವರಿಗೆ ಐಸ್ ಎಂದರೆ ಕಲ್ಲು. ಉತ್ತರದ ಹನೋಯ್‌ನಲ್ಲಿ ಅದೇ ಪಾನೀಯಕ್ಕೆ ‘ನೌ ದಾ’ ಎಂದು ಹೆಸರು, ನೌ ಎಂದರೆ ಕಂದು. ಸೈಗಾನಿನ ಚೀನೀ ಬಡಾವಣೆಯಿಂದ ಬಂದ ‘ಬಾಕ್ ಸಿಯು’ ಹಾಲೇ ಹೆಚ್ಚಿರುವ ಕಾಫಿ. ಹುಯೆ ನಗರದವರು ಉಪ್ಪು ಬೆರೆಸಿದ ನೊರೆಕೆನೆ ಹಾಕಿ ಕುಡಿಯುತ್ತಾರೆ. ಸೈಗಾನಿನ ಒಂದು ಗಲ್ಲಿಯಲ್ಲಿ 1938ರಿಂದ ನಡೆಯುತ್ತಿರುವ ಚೆಯೊ ಲೆಯೊ ಎಂಬ ಅಂಗಡಿಯಲ್ಲಿ ಫಿನ್ ಇಲ್ಲವೇ ಇಲ್ಲ, ಬಟ್ಟೆಯ ಚೀಲದಲ್ಲಿ ಶೋಧಿಸಿ ಮಣ್ಣಿನ ಮಡಕೆಯಲ್ಲಿ ಬಿಸಿಯಾಗಿಡುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಬಟ್ಟೆಯಲ್ಲಿ ಶೋಧಿಸಿದ ಬೆಲ್ಲದ ಕಾಫಿ ಕುಡಿದವರಿಗೆ ಆ ಹದ ಗೊತ್ತು.

ಇನ್ನು ಮೊಟ್ಟೆ ಕಾಫಿ, ‘ಕಾ ಫೆ ಚುಂಗ್’. 1946ರಲ್ಲಿ ಹನೋಯ್‌ನ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಅವರು ಹಾಲು ಸಿಗದ ದಿನಗಳಲ್ಲಿ ಮೊಟ್ಟೆಯ ಹಳದಿಯನ್ನು ಕಡೆದು ಕಾಫಿಯ ಮೇಲೆ ಹಾಕಿದರು. ಅವರ ಹೆಸರಿನ ಅಂಗಡಿಯನ್ನು ಇಂದಿಗೂ ಮನೆಯವರೇ ನಡೆಸುತ್ತಿದ್ದಾರೆ. ಎರಡು ಹಳದಿ, ಎರಡು ದೊಡ್ಡ ಚಮಚ ಕಂಡೆನ್ಸ್ಡ್ ಮಿಲ್ಕ್, ಬೀಟರಿನಲ್ಲಿ ನಾಲ್ಕೈದು ನಿಮಿಷ. ಹಳದಿ ಬಣ್ಣ ಬಿಳಿಚಿಕೊಂಡು, ಚಮಚ ಎತ್ತಿದರೆ ರಿಬ್ಬನ್ನಿನ ಹಾಗೆ ಇಳಿಯಬೇಕು. ಬಿಸಿ ಕಾಫಿಯ ಮೇಲೆ ಅದನ್ನು ಸುರಿದು, ಲೋಟವನ್ನು ಬಿಸಿನೀರಿನ ಬಟ್ಟಲಿನಲ್ಲಿಟ್ಟು ಕುಡಿಯಬೇಕು. ತಣ್ಣಗಾದರೆ ಮೊಟ್ಟೆಯ ವಾಸನೆ ಎದ್ದುಬಿಡುತ್ತದೆ. ಮೊಟ್ಟೆ ಹಸಿಯಾಗಿಯೇ ಇರುವುದರಿಂದ ಗರ್ಭಿಣಿಯರಿಗೂ ಪುಟ್ಟ ಮಕ್ಕಳಿಗೂ ಕೊಡಬೇಡಿ.

ಮನೆಯಲ್ಲಿ ಮಾಡುವ ಬಗೆಗೆ ಬರುತ್ತೇನೆ. ಅರ್ಧ ಕೆಲಸ ಮುಗಿಯುವುದು ಕಾಫಿ ಪುಡಿ ಅಂಗಡಿಯಲ್ಲೇ. ಚಿಕೋರಿ ಬೇಡ, ರೊಬಸ್ಟಾ ಮಾತ್ರ ಕೊಡಿ, ಕಡುವಾಗಿ ಹುರಿದದ್ದು ಇರಲಿ, ಸಣ್ಣ ರವೆಯಷ್ಟು ತರಿಯಾಗಿ ಬೀಸಿ ಎಂದು ಹೇಳಿ. ಬೆರಳುಗಳ ನಡುವೆ ಉಜ್ಜಿದರೆ ಕಾಳು ಕಾಳಾಗಿ ಕೈಗೆ ಸಿಗಬೇಕು. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ನಮ್ಮ ರಾಜ್ಯದ್ದು, ಅದರಲ್ಲೂ ರೊಬಸ್ಟಾವೇ ಜಾಸ್ತಿ. ಹಾಗಾಗಿ ಈ ಪಾನೀಯಕ್ಕೆ ವಿಯೆಟ್ನಾಮಿನ ಬೀಜ ಹುಡುಕಬೇಕಾಗಿಲ್ಲ.

ಫಿನ್ ಎಂದರೆ ನಮ್ಮ ಫಿಲ್ಟರಿನ ಮೇಲಿನ ಅರ್ಧ ಎಂದುಕೊಳ್ಳಿ: ತೂತಿನ ತಳವಿರುವ ಪಾತ್ರೆ, ಅದುಮುವ ಬಿಲ್ಲೆ, ಮುಚ್ಚಳ. ಮೊದಲು ಅದನ್ನು ಬಿಸಿನೀರಿನಲ್ಲಿ ತೊಳೆದು ಬಿಸಿ ಮಾಡಿ, ಇಲ್ಲದಿದ್ದರೆ ತಣ್ಣನೆಯ ಲೋಹವೇ ನೀರಿನ ಕಾವನ್ನು ತಿಂದುಬಿಡುತ್ತದೆ. 20 ಗ್ರಾಂ ಪುಡಿ, ಅಂದರೆ ಸುಮಾರು ನಾಲ್ಕು ದೊಡ್ಡ ಚಮಚ. ಪಕ್ಕಕ್ಕೆ ಮೆಲ್ಲಗೆ ತಟ್ಟಿ ಸಮ ಮಾಡಿ. ಬಿಲ್ಲೆಯನ್ನು ಪುಡಿಯ ಮೇಲೆ ಸುಮ್ಮನೆ ಕೂರಿಸಿ, ಒತ್ತಬೇಡಿ. ಬಿಲ್ಲೆಯ ಭಾರವೇ ಸಾಕು. ನೀರು ಕುದಿ ಬಂದ ಮೇಲೆ ಅರ್ಧ ನಿಮಿಷ ಬಿಟ್ಟು, ಎರಡು ಚಮಚದಷ್ಟು ಮಾತ್ರ ಹಾಕಿ ಪುಡಿಯನ್ನು ನೆನೆಸಿ. ನಲವತ್ತು ಸೆಕೆಂಡು ಕಾಯಿರಿ. ಪುಡಿ ಉಬ್ಬಿ ಒಳಗಿನ ಗಾಳಿ ಬಿಡುತ್ತದೆ. ಈ ಹಂತ ಬಿಟ್ಟರೆ ನೀರು ಒಂದು ಕಡೆಯಿಂದ ದಾರಿ ಮಾಡಿಕೊಂಡು ಇಳಿದುಹೋಗುತ್ತದೆ, ಪುಡಿಯ ಅರ್ಧ ಸತ್ವ ಅಲ್ಲೇ ಉಳಿಯುತ್ತದೆ. ಆಮೇಲೆ ಒಟ್ಟು 100 ಮಿಲಿಲೀಟರ್ ಆಗುವಷ್ಟು ನೀರು ತುಂಬಿಸಿ ಮುಚ್ಚಿ.

ಸೆಕೆಂಡಿಗೆ ಒಂದೆರಡು ಹನಿಯಂತೆ ಐದಾರು ನಿಮಿಷದಲ್ಲಿ ಇಳಿದರೆ ಹದ ಸರಿ. ಎರಡು ನಿಮಿಷದಲ್ಲಿ ಖಾಲಿಯಾದರೆ ಪುಡಿ ಹೆಚ್ಚು ತರಿಯಾಗಿದೆ. ಹತ್ತು ನಿಮಿಷವಾದರೂ ಮುಗಿಯದಿದ್ದರೆ ನುಣ್ಣಗಾಗಿದೆ, ಕಾಫಿ ಸುಟ್ಟ ರುಚಿ ಬರುತ್ತದೆ. ಕೈಗೆ ಸಿಗುವುದು 60 ಮಿಲಿಲೀಟರಿನಷ್ಟು. ತಳದ ಹಾಲನ್ನು ಚೆನ್ನಾಗಿ ಕಲಕಿದ ಮೇಲೆಯೇ ಐಸ್ ಲೋಟಕ್ಕೆ ಸುರಿಯಬೇಕು. ಐಸ್ ಮೊದಲೇ ಬಿದ್ದರೆ ಹಾಲು ತಳದಲ್ಲಿ ಗಟ್ಟಿಯಾಗಿ ಕಲಕಲು ಬರುವುದಿಲ್ಲ. ಫಿನ್ ಇಲ್ಲದವರು ಮನೆಯ ಸಣ್ಣ ಫಿಲ್ಟರಿನಲ್ಲೇ ಇದೇ ಪುಡಿಯನ್ನು ಇಳಿಸಬಹುದು. ಹೊತ್ತು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಅಷ್ಟೆ.

ಅಲ್ಲಿಂದ ಬಂದ ವಾರವೇ ನಮ್ಮ ತೋಟದ ಬೀಜ ಹುರಿದು ಬೀಸಿ, ಹಾಲು ಹಾಕದೆ ಅಪ್ಪನಿಗೆ ಒಂದು ಫಿನ್ ಇಳಿಸಿ ಕೊಟ್ಟೆ. ಐವತ್ತು ವರ್ಷ ರೊಬಸ್ಟಾ ಬೆಳೆದವರು ಅದನ್ನು ಬೇರೇನೂ ಬೆರೆಸದೆ ಕುಡಿದದ್ದು ಅದೇ ಮೊದಲು. ಅರ್ಧ ಲೋಟ ಮುಗಿಸಿ, ‘ಹಸಿರು ಕಾಯಿ ಸೇರಿಬಿಟ್ಟಿದೆ. ಹಣ್ಣು ಮಾತ್ರ ಆರಿಸಿ ಕುಯ್ಯಿಸಿದ್ದರೆ ಈ ಒಗರು ಇರುತ್ತಿರಲಿಲ್ಲ’ ಎಂದರು. ಮುಂದಿನ ವರ್ಷದ ಕುಯ್ಲಿನಲ್ಲಿ ಹತ್ತು ಚೀಲದಷ್ಟು ಹಣ್ಣನ್ನು ಬೇರೆಯಾಗಿಯೇ ಕುಯ್ಯಿಸಿ, ಕಣದ ಒಂದು ಮೂಲೆಯಲ್ಲಿ ಬೇರೆಯಾಗಿಯೇ ಒಣಗಿಸಿದರು. ಬಲಗಡೆಯ ಫಿನ್‌ನಲ್ಲಿ ಇಂದು ಹಾಕಿದ್ದು ಹಾಗೆ ಆರಿಸಿ ಕುಯ್ದ ಬೀಜದ ಪುಡಿ.

ಐಸ್ ಆ ಡಬ್ಬದಲ್ಲಿದೆ. ಹಾಲು ಹಾಕದ ಒಂದು ಫ್ಲಾಸ್ಕ್ ಕಾಫಿಯನ್ನೂ ತಂದಿದ್ದೇನೆ. ತೋಟ ಇರುವವರು ದಯವಿಟ್ಟು ಮೊದಲು ಅದನ್ನು ಕುಡಿದು ನೋಡಿ, ಆಮೇಲೆ ಪ್ರಶ್ನೆ ಕೇಳಿ.