ಟ್ಯಾಂಕಿನಲ್ಲಿ ಇನ್ನೆಷ್ಟು ದೂರ ಇದೆ?

ನಮಸ್ಕಾರ ಕೇಳುಗರೇ. ಬೈಕ್ ಓಡಿಸುವ ಯಾರನ್ನಾದರೂ ನಿಮ್ಮ ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ ಎಂದು ಕೇಳಿ ನೋಡಿ. ಥಟ್ಟನೆ ಒಂದು ಸಂಖ್ಯೆ ಹೇಳುತ್ತಾರೆ. ಅದನ್ನು ಹೇಗೆ ಲೆಕ್ಕ ಹಾಕಿದಿರಿ ಅಂತ ಕೇಳಿದರೆ ಮಾತ್ರ ತಡವರಿಸುತ್ತಾರೆ. ಶೋರೂಮಿನಲ್ಲಿ ಹೇಳಿದ್ದು, ಗೆಳೆಯರು ಹೇಳಿದ್ದು, ಇಲ್ಲಾ ಮೀಟರಿನ ಪರದೆ ತೋರಿಸಿದ್ದು. ಆ ಸಂಖ್ಯೆಯನ್ನು ನೀವೇ ಅಳೆದು ಇಟ್ಟುಕೊಳ್ಳಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ದುಡ್ಡಿನ ಲೆಕ್ಕ ಒಂದು ಕಡೆ ಇರಲಿ. ಪೆಟ್ರೋಲ್ ಎಲ್ಲಿಗೆ ಮುಗಿಯುತ್ತದೆ ಅಂತ ಹೇಳುವುದು ಅದೇ ಸಂಖ್ಯೆ, ಗಾಡಿಯ ಒಳಗೆ ಏನೋ ಸರಿಯಿಲ್ಲ ಅಂತ ಎಷ್ಟೋ ಸಲ ಮೀಟರಿನ ದೀಪಕ್ಕಿಂತ ಮೊದಲೇ ಹೇಳುವುದೂ ಅದೇ.

ಅಳೆಯುವುದು ಸುಲಭ. ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಎಂದಿನಂತೆ ಓಡಿಸಿ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಮೇಲೆ ಮತ್ತೆ ಫುಲ್ ಮಾಡಿಸಿ, ಎಷ್ಟು ಲೀಟರ್ ಹಿಡಿಯಿತು ನೋಡಿ. 288 ಕಿಲೋಮೀಟರ್ ಓಡಿದ್ದು, 6.4 ಲೀಟರ್ ಹಿಡಿದಿದ್ದರೆ ಲೀಟರಿಗೆ 45. ಲೆಕ್ಕ ಇಷ್ಟೇ. ಆದರೆ ಎರಡು ಸಲವೂ ಒಂದೇ ಮಟ್ಟಕ್ಕೆ ತುಂಬಿಸಬೇಕು, ಅಲ್ವಾ? ಇಲ್ಲೇ ಹೆಚ್ಚಿನವರ ಲೆಕ್ಕ ತಪ್ಪುವುದು. ಸೈಡ್ ಸ್ಟ್ಯಾಂಡಿನಲ್ಲಿ ವಾಲಿ ನಿಂತ ಗಾಡಿಗೆ ಹಿಡಿಯುವುದು ಒಂದಷ್ಟು, ನೇರ ನಿಲ್ಲಿಸಿದರೆ ಇನ್ನೊಂದಷ್ಟು. ಬರೀ ಅರ್ಧ ಲೀಟರ್ ಆಚೀಚೆ ಆದರೂ ಸಾಕು, ಇದೇ 45 ಇದ್ದದ್ದು ಹೆಚ್ಚುಕಡಿಮೆ 49 ಆಗಿಬಿಡುತ್ತದೆ. ಹಾಗಾಗಿ ಎರಡು ಸಲವೂ ಗಾಡಿಯನ್ನು ನೇರವಾಗಿ ನಿಲ್ಲಿಸಿ. ಹಾಗಂತ ಮುಚ್ಚಳದ ಬಾಯಿವರೆಗೂ ತುಂಬಿಸುವುದು ಬೇಡ. ಬಿಸಿಲಿಗೆ ಪೆಟ್ರೋಲ್ ಹಿಗ್ಗುತ್ತದೆ, ಅದಕ್ಕೆ ಮೇಲೆ ಸ್ವಲ್ಪ ಜಾಗ ಬೇಕು. ಇನ್ನೊಂದು ಮಾತು, ಒಂದೇ ಸಲದ ಲೆಕ್ಕವನ್ನು ನಂಬಬೇಡಿ. ನಾಲ್ಕೈದು ಸಲ ಬರೆದಿಟ್ಟು ಸರಾಸರಿ ತೆಗೆಯಿರಿ, ಆಗ ಸಿಗುವುದು ನಿಮ್ಮ ಗಾಡಿಯ, ನಿಮ್ಮ ದಾರಿಯ, ನಿಮ್ಮ ಕೈಯ ಮೈಲೇಜ್.

ಈಗ ದೂರಕ್ಕೆ ಬರೋಣ. 12 ಲೀಟರ್ ಟ್ಯಾಂಕ್, ಲೀಟರಿಗೆ 45. ಗುಣಿಸಿದರೆ 540 ಕಿಲೋಮೀಟರ್. ಇದು ಕಾಗದದ ಮೇಲಿನ ಲೆಕ್ಕ. ತಳದಲ್ಲಿ ಸ್ವಲ್ಪ ಪೆಟ್ರೋಲ್ ಯಾವಾಗಲೂ ಉಳಿದುಬಿಡುತ್ತದೆ, ಅದು ಇಂಜಿನ್ನಿಗೆ ಸಿಗುವುದಿಲ್ಲ. ಎದುರುಗಾಳಿ, ಏರುದಾರಿ, ಹಿಂದೆ ಒಬ್ಬರು, ಜೊತೆಗೆ ಒಂದು ಬ್ಯಾಗು, ಇಷ್ಟಾದರೆ 45 ಇದ್ದದ್ದು 35 ಆಗುವುದಕ್ಕೆ ಹೊತ್ತು ಬೇಡ. ನಾನಾದರೆ ಅಂಥ ಟ್ಯಾಂಕಿನಲ್ಲಿ 400 ಹತ್ತಿರ ಬರುತ್ತಿದ್ದಂತೆ ಬಂಕ್ ಹುಡುಕಲು ಶುರು ಮಾಡುತ್ತೇನೆ.

ಮೀಟರಿನಲ್ಲಿ ಪೆಟ್ರೋಲ್ ಮುಳ್ಳು ಇದೆಯಲ್ಲ, ಕಡ್ಡಿಗಳು ಇವೆಯಲ್ಲ ಅಂತೀರಾ? ಅದರ ಕೆಲಸ ಸ್ವಲ್ಪ ಹತ್ತಿರದಿಂದ ನೋಡೋಣ. ಟ್ಯಾಂಕಿನೊಳಗೆ ಒಂದು ತೋಳು, ಅದರ ತುದಿಯಲ್ಲಿ ತೇಲುವ ಒಂದು ತುಂಡು. ಪೆಟ್ರೋಲ್ ಇಳಿದ ಹಾಗೆ ಅದೂ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಅದು ಅಳೆಯುವುದು ಎತ್ತರವನ್ನು, ಲೀಟರನ್ನಲ್ಲ. ಬೈಕಿನ ಟ್ಯಾಂಕ್ ಡಬ್ಬಿಯ ಹಾಗೆ ಸಮನಾಗಿರುವುದಿಲ್ಲ. ಫ್ರೇಮಿನ ಕೊಳವೆಯ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತದೆ, ಮೇಲೆ ಅಗಲ, ಕೆಳಗೆ ಎರಡೂ ಪಕ್ಕಕ್ಕೆ ಹಂಚಿಹೋದ ಕಿರಿದಾದ ಜಾಗ. ಹಾಗಾಗಿ ಮೊದಲ ಅರ್ಧ ನಿಧಾನಕ್ಕೆ ಇಳಿದಂತೆ ಕಾಣುತ್ತದೆ, ಆಮೇಲೆ ನೋಡನೋಡುತ್ತಲೇ ಕಡ್ಡಿಗಳು ಒಂದೊಂದಾಗಿ ಮಾಯ. ಮೀಟರ್ ಕೆಟ್ಟಿಲ್ಲ, ಟ್ಯಾಂಕಿನ ಆಕಾರವೇ ಹಾಗೆ. ಸೈಡ್ ಸ್ಟ್ಯಾಂಡಿನಲ್ಲಿ ಒಂದು ತೋರಿಸಿ, ಗಾಡಿ ಎತ್ತಿದ ಮೇಲೆ ಇನ್ನೊಂದು ತೋರಿಸುವುದೂ ಇದಕ್ಕೇ.

ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಈ ತಾಪತ್ರಯಕ್ಕೆ ಒಂದು ಸರಳ ಉಪಾಯ ಇತ್ತು. ಪೆಟ್ರೋಲ್ ಕಾಕ್. ಟ್ಯಾಂಕಿನೊಳಗೆ ಎರಡು ದಾರಿ, ಒಂದರ ಬಾಯಿ ಎತ್ತರದಲ್ಲಿ, ಇನ್ನೊಂದರದು ತಳದ ಹತ್ತಿರ. ಆನ್ ಇದ್ದಾಗ ಎತ್ತರದ ಬಾಯಿಯಿಂದ ಪೆಟ್ರೋಲ್ ಹೋಗುತ್ತದೆ. ಮಟ್ಟ ಅದಕ್ಕಿಂತ ಕೆಳಗೆ ಇಳಿದ ಕೂಡಲೇ ಇಂಜಿನ್ ಮುಗ್ಗರಿಸುತ್ತದೆ, ಕಾಕನ್ನು ರಿಸರ್ವಿಗೆ ತಿರುಗಿಸಿದರೆ ಮತ್ತೆ ಓಡುತ್ತದೆ. ನನಗೆ ಇವತ್ತಿಗೂ ಇದು ತುಂಬ ಇಷ್ಟವಾದ ವ್ಯವಸ್ಥೆ. ಬಲ್ಬ್ ಇಲ್ಲ, ತಂತಿ ಇಲ್ಲ, ತಪ್ಪುವ ಮಾತೂ ಇಲ್ಲ. ಒಂದೇ ಎಚ್ಚರ ಬೇಕು: ಪೆಟ್ರೋಲ್ ಹಾಕಿಸಿದ ಮೇಲೆ ಕಾಕನ್ನು ಮತ್ತೆ ಆನ್‌ಗೆ ತಿರುಗಿಸಬೇಕು. ಮರೆತರೆ ಮುಂದಿನ ಸಲ ಯಾವ ಸೂಚನೆಯೂ ಇಲ್ಲದೆ ಗಾಡಿ ನಿಲ್ಲುತ್ತದೆ.

ಇಂಜೆಕ್ಷನ್ ಗಾಡಿಗಳಲ್ಲಿ, ಅಂದರೆ ಕಂಪ್ಯೂಟರ್ ಅಳೆದು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಗಾಡಿಗಳಲ್ಲಿ, ಕಾಕ್ ಬದಲು ಹಳದಿ ದೀಪ. ಕೆಲವು ಗಾಡಿಗಳಲ್ಲಿ ಈ ದೀಪ ಉರಿಯುವ ರೀತಿ ಚೆನ್ನಾಗಿದೆ. ಟ್ಯಾಂಕಿನ ಕೆಳಭಾಗದಲ್ಲಿ ಒಂದು ಪುಟ್ಟ ಸೆನ್ಸರ್ ಇರುತ್ತದೆ, ಅದರಲ್ಲಿ ಸಣ್ಣಗೆ ಕರೆಂಟ್ ಹರಿಯುತ್ತಿರುತ್ತದೆ. ಪೆಟ್ರೋಲಿನಲ್ಲಿ ಮುಳುಗಿರುವಷ್ಟು ಹೊತ್ತು ಅದು ತಣ್ಣಗೆ. ಪೆಟ್ರೋಲ್ ಇಳಿದು ಅದು ಹೊರಗೆ ಬಂದಾಗ ಬಿಸಿಯಾಗುತ್ತದೆ, ಬಿಸಿಯಾದರೆ ಜಾಸ್ತಿ ಕರೆಂಟ್ ಬಿಡುತ್ತದೆ, ದೀಪ ಹತ್ತುತ್ತದೆ. ಅದಕ್ಕೇ ಈ ದೀಪ ಮೊದಮೊದಲು ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಬಂದು ಹೋಗುತ್ತದೆ. ಪೆಟ್ರೋಲ್ ಕುಲುಕಿದಾಗ ಸೆನ್ಸರ್ ಮುಳುಗುತ್ತದೆ, ಏಳುತ್ತದೆ, ಅಷ್ಟೇ.

ದೀಪ ಬಂದಾಗ ಎಷ್ಟು ಉಳಿದಿರುತ್ತದೆ? ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ, ದಯವಿಟ್ಟು ತೆಗೆದು ನೋಡಿ. ನೀವೂ ಪರೀಕ್ಷಿಸಬಹುದು. ದೀಪ ನಿಂತು ಉರಿಯಲು ಶುರುವಾದ ಕೂಡಲೇ ಫುಲ್ ಮಾಡಿಸಿ. 12 ಲೀಟರ್ ಟ್ಯಾಂಕಿಗೆ 10 ಲೀಟರ್ ಹಿಡಿದರೆ ಉಳಿದದ್ದು ಸುಮಾರು 2. ಅಂದರೆ 45ರ ಲೆಕ್ಕದಲ್ಲಿ 90 ಕಿಲೋಮೀಟರ್, 35ರ ಲೆಕ್ಕದಲ್ಲಿ 70. ಪರದೆಯ ಮೇಲೆ ಇನ್ನು ಇಷ್ಟು ದೂರ ಹೋಗಬಹುದು ಅಂತ ಬರುತ್ತದಲ್ಲ, ಅದೂ ನೀವು ಈಗಷ್ಟೇ ಓಡಿಸಿದ ರೀತಿ ನೋಡಿ ಹಾಕಿದ ಅಂದಾಜು. ಇಳಿಜಾರು ಮುಗಿದು ಏರು ಶುರುವಾದರೆ ಆ ಅಂಕಿ ಸರಸರ ಇಳಿಯುತ್ತದೆ. ಇನ್ನು, ದೀಪ ಉರಿಯುತ್ತಿದ್ದರೂ ದಿನವೂ ಹಾಗೇ ಓಡಿಸುವವರಿಗೆ ಒಂದು ಮಾತು. ಪೆಟ್ರೋಲ್ ಪಂಪ್ ಟ್ಯಾಂಕಿನೊಳಗೇ ಇರುತ್ತದೆ, ಅದನ್ನು ತಂಪಾಗಿ ಇಡುವುದು ಪೆಟ್ರೋಲೇ. ಪದೇ ಪದೇ ತಳ ಮುಟ್ಟಿಸಿದರೆ ಪಂಪ್ ಕಾಯುತ್ತದೆ, ಬೇಗ ಸಾಯುತ್ತದೆ.

ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಗಾಡಿ ನಿಲ್ಲುವುದುಂಟು. ಮುಚ್ಚಳದಲ್ಲಿ ಗಾಳಿಗೆ ಒಂದು ಸಣ್ಣ ತೂತು ಇರುತ್ತದೆ. ಅದು ಧೂಳಿನಿಂದ ಮುಚ್ಚಿದರೆ ಪೆಟ್ರೋಲ್ ಖಾಲಿಯಾದ ಜಾಗಕ್ಕೆ ಗಾಳಿ ಬರುವುದಿಲ್ಲ, ಪೆಟ್ರೋಲ್ ಕೆಳಗೆ ಇಳಿಯುವುದಿಲ್ಲ. ಮುಚ್ಚಳ ತೆಗೆದಾಗ ಉಸ್ ಅಂತ ಗಾಳಿ ಒಳಗೆ ಎಳೆದು, ಆಮೇಲೆ ಗಾಡಿ ಸ್ಟಾರ್ಟ್ ಆದರೆ ಕಾರಣ ಅದೇ.

ಮೈಲೇಜ್ ಕುಡಿಯುವುದರಲ್ಲಿ ದೊಡ್ಡದು ಗಾಳಿ. ವೇಗ ಒಂದೂವರೆ ಪಟ್ಟು ಆದರೆ, ಅಂದರೆ 60ರಿಂದ 90ಕ್ಕೆ ಹೋದರೆ, ಗಾಳಿ ತಡೆಯುವ ಬಲ ಎರಡೂಕಾಲು ಪಟ್ಟು ಆಗುತ್ತದೆ. ದೊಡ್ಡ ಗೇರಿನಲ್ಲಿ, ಇಂಜಿನ್ ಹೊಡೆದುಕೊಳ್ಳದ ಹಾಗೆ, ಒಂದೇ ಹದದಲ್ಲಿ ಓಡಿಸುವವರಿಗೆ ಜಾಸ್ತಿ ಸಿಗುವುದು ಸಹಜ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವ ನಂಬಿಕೆ ಬಿಟ್ಟುಬಿಡಿ. ಇಂಜೆಕ್ಷನ್ ಗಾಡಿಯನ್ನು ಗೇರಿನಲ್ಲೇ ಬಿಟ್ಟು, ಎಕ್ಸಲರೇಟರ್ ಪೂರ್ತಿ ಬಿಟ್ಟರೆ ಸಾಮಾನ್ಯವಾಗಿ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಇಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ನಿಲ್ಲದಂತೆ ಇರಲು ಪೆಟ್ರೋಲ್ ಬೇಕು. ಜೊತೆಗೆ ಇಂಜಿನ್ ಹಿಡಿತವೂ ಹೋಗುತ್ತದೆ, ಬ್ರೇಕಿನ ಮೇಲೆ ಎಲ್ಲ ಭಾರ.

ಈಗ ಬರೆದಿಟ್ಟ ಲೆಕ್ಕದ ಉಪಯೋಗ. ತಿಂಗಳುಗಟ್ಟಲೆ 45 ಆಸುಪಾಸು ಇದ್ದದ್ದು, ಅದೇ ದಾರಿಯಲ್ಲಿ 38ಕ್ಕೆ ಇಳಿದರೆ ಸುಮ್ನೆ ಬಿಡಬೇಡಿ. ಮೊದಲು ಟೈರಿನ ಗಾಳಿ ನೋಡಿ, ಟೈರ್ ತಣ್ಣಗಿದ್ದಾಗ. ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಗುರವಾಗಿ ತಿರುಗಬೇಕು. ಒಂದೇ ಸುತ್ತಿಗೆ ನಿಂತರೆ ಬ್ರೇಕ್ ಹಿಡಿಯುತ್ತಿದೆ, ಇಲ್ಲಾ ಚೈನ್ ತೀರಾ ಬಿಗಿಯಾಗಿದೆ. ಏರ್ ಫಿಲ್ಟರ್, ಪ್ಲಗ್, ಕ್ಲಚ್ ಆಮೇಲಿನವು. ಪೆಟ್ರೋಲೇ ಬದಲಾಗಿದೆಯಾ ಅಂತಲೂ ಯೋಚಿಸಿ. ಪೆಟ್ರೋಲಿಗೆ ಬೆರೆಸುವ ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ, ಬೆರಕೆ ಜಾಸ್ತಿಯಾದಷ್ಟೂ ಮೈಲೇಜ್ ಸ್ವಲ್ಪ ಇಳಿಯುತ್ತದೆ.

ಇದೆಲ್ಲ ಸರಿಯಿದ್ದು, ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೂ ಉರಿಯುತ್ತಿದ್ದರೆ? ಆಗ ಆಕ್ಸಿಜನ್ ಸೆನ್ಸರ್ ಮೇಲೆ ಅನುಮಾನ ಪಡಬಹುದು. ಹೊಗೆ ನೋಡಿ ಪೆಟ್ರೋಲ್ ಎಷ್ಟು ಬೇಕೆಂದು ಹೇಳುವುದು ಅದು. ಅದು ಕೆಟ್ಟರೆ ಗಾಡಿಯ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಬಿಡುತ್ತದೆ, ಹೆಚ್ಚಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ. ಗಾಡಿ ಓಡುತ್ತದೆ, ಟ್ಯಾಂಕ್ ಬೇಗ ಬರಿದಾಗುತ್ತದೆ.

ದೀಪಗಳ ಬಣ್ಣ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಹಸಿರು, ನೀಲಿ ಬರೀ ಮಾಹಿತಿ. ಹಳದಿ ಅಂದರೆ ಬೇಗ ತೋರಿಸಿ. ಕೆಂಪು ಅಂದರೆ ನಿಲ್ಲಿಸಿ. ಅದರಲ್ಲೂ ಎಣ್ಣೆ ಡಬ್ಬಿಯ ಚಿತ್ರದ ಕೆಂಪು ದೀಪ ಓಡುವಾಗ ಬಂದರೆ ಪಕ್ಕಕ್ಕೆ ಹೋಗಿ ಆ ಕ್ಷಣವೇ ಇಂಜಿನ್ ಆಫ್ ಮಾಡಿ. ಮನೆ ಹತ್ತಿರವೇ ಇದೆ ಅಂತ ಓಡಿಸಬೇಡಿ. ಆಯಿಲ್ ಒತ್ತಡ ಬಿದ್ದಿದೆ ಅಂತ ಅದರ ಅರ್ಥ, ಒತ್ತಡ ಇಲ್ಲದೆ ಕೆಲವೇ ನಿಮಿಷ ಓಡಿದರೂ ಇಂಜಿನ್ ಒಳಗೆ ಲೋಹಕ್ಕೆ ಲೋಹ ಉಜ್ಜಿ ಹಾಳಾಗಬಹುದು. ಎಬಿಎಸ್ ದೀಪದ ಕಥೆ ಬೇರೆ. ಕೀ ತಿರುಗಿಸಿದಾಗ ಬಂದು, ಗಾಡಿ ಸ್ವಲ್ಪ ಮುಂದೆ ಹೋದ ಮೇಲೇ ಆರುವುದು ಸರಿಯಾದ ಕ್ರಮ. ಆರದೆ ಉಳಿದರೆ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಇರುತ್ತದೆ, ಜೋರಾಗಿ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ನೆರವು ಇರುವುದಿಲ್ಲ. ಕೀ ತಿರುಗಿಸಿದಾಗ ಎಲ್ಲ ದೀಪಗಳೂ ಒಮ್ಮೆ ಉರಿಯುತ್ತವಾ ಅಂತ ದಿನಾ ಒಂದು ಕಣ್ಣಿಡಿ. ಉರಿಯಬೇಕಾದ್ದು ಉರಿಯದಿದ್ದರೆ ಅದೂ ತೊಂದರೆಯೇ.

ಕೆಲವು ಗಾಡಿಗಳಲ್ಲಿ ಇಂಜಿನ್ ದೀಪ ಮಿಣುಕಿ ಕೋಡ್ ಹೇಳುತ್ತದೆ. ಉದ್ದ ಮಿಣುಕಿಗೆ ಹತ್ತು, ಚಿಕ್ಕದಕ್ಕೆ ಒಂದು, ಹಾಗಾಗಿ ಎರಡು ಉದ್ದ ಒಂದು ಚಿಕ್ಕದು ಬಂದರೆ 21. ಎಣಿಸಿ ಬರೆದುಕೊಳ್ಳಿ. ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸುವ ಕೆಲಸಕ್ಕೆ ಹೋಗಬೇಡಿ. ಮೆಕ್ಯಾನಿಕ್ ಹತ್ತಿರ ಹೋದಾಗ ಗಾಡಿ ಯಾಕೋ ಸರಿಯಿಲ್ಲ ಅನ್ನುವ ಬದಲು, ಮೈಲೇಜ್ 45ರಿಂದ 38ಕ್ಕೆ ಇಳಿದಿದೆ, ಬೆಳಗ್ಗೆ ತಣ್ಣಗಿದ್ದಾಗ ದೀಪ ಇರುವುದಿಲ್ಲ, ಸ್ವಲ್ಪ ಹೊತ್ತು ಓಡಿದ ಮೇಲೆ ಬರುತ್ತದೆ, ಇಂಥ ಕೋಡ್ ಮಿಣುಕಿತು ಅಂತ ಹೇಳಿ. ಎಲ್ಲಿಂದ ಹುಡುಕಬೇಕು ಅಂತ ಅವರಿಗೆ ಆಗಲೇ ಗೊತ್ತಾಗಿರುತ್ತದೆ. ನಮಸ್ಕಾರ.